ಬಲಗಡೆ ಮುಂದಿನ ಗಾಲಿಯ ವಕಾಲತ್ತು

ಆಪಾ ನಿವೃತ್ತರಾದ ದಿನ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಮಾತಾಡಿದವರೆಲ್ಲ ಅವರನ್ನು ಶಾಂತ ಸ್ವಭಾವದವರು ಎಂದರು. ಒಬ್ಬರಂತೂ ಮೈಕಿಗೆ ಇನ್ನಷ್ಟು ಹತ್ತಿರ ಹೋಗಿ, "ಇಷ್ಟು ವರ್ಷದಲ್ಲಿ ಯಾರಿಗೂ ಒಂದು ಎದುರು ಮಾತಾಡಿದವರಲ್ಲ" ಎಂದು ಸೇರಿಸಿದರು. ಹಾರದ ಹಿಂದೆ ಕೂತಿದ್ದ ಆಪಾ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಅವರ ಕೈಯಲ್ಲಿ ಚರ್ಚೆ ಕಲಿತ ನಮಗೆ ಅದರ ಅರ್ಥ ಗೊತ್ತಿತ್ತು: ಎದುರಾಳಿ ತಪ್ಪು ಮಾಡುತ್ತಿದ್ದಾನೆ, ಪೂರ್ತಿ ಮಾಡಲಿ, ನಡುವೆ ಬಾಯಿ ಹಾಕಬೇಡ. ತಮ್ಮ ಸರದಿ ಬಂದಾಗ ಎದ್ದು ನಿಂತು, "ಇಷ್ಟೊತ್ತು ನನ್ನ ಬಗ್ಗೆ ಭಾಳ ಛಲೋ ಛಲೋ ಮಾತು ಕೇಳಿದೆ. ಒಂದಕ್ಕರೆ ಸಬೂತು ಕೊಟ್ರೇನ್ರಿ ಯಾರಾದ್ರೂ?" ಎಂದು ಕೇಳಿದರು. ಕೇಳಿ, ಉತ್ತರಕ್ಕೆ ನಿಜಕ್ಕೂ ಕಾದರು.

ಯಾರೂ ಕೊಡಲಿಲ್ಲ. ನಾನು ಕೊಡುತ್ತೇನೆ. ನನ್ನ ಸಬೂತು, ಅಂದರೆ ಪುರಾವೆ, ಅವರ ಪರವಾಗಿಯೇ ಇದೆ. ಆದರೆ ಶಾಂತ ಸ್ವಭಾವ ಎಂಬ ಆರೋಪವನ್ನು ಅದು ಬುಡಸಮೇತ ಸುಳ್ಳು ಮಾಡುತ್ತದೆ.

ಆಪಾ ಎಂದರೆ ಅವರ ಮನೆಮಾತು ದಖನಿಯಲ್ಲಿ ಅಕ್ಕ. ಆಳಂದದಲ್ಲಿ ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸುವುದು ಸಂಬಳದ ಕೆಲಸ. ಸಂಜೆ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವುದು ಮನಸ್ಸಿನ ಕೆಲಸ. ಎತ್ತರ ಕಡಿಮೆ, ದನಿ ಹೆಚ್ಚು. ಬಾಯಲ್ಲಿ ಯಾವಾಗಲೂ ಬಡೇಸೋಪಿನ ಕಾಳು. ಎದುರಿನವರ ಮಾತಿನಲ್ಲಿ ತೂತು ಕಂಡ ಕೂಡಲೇ ಅಗಿಯುವುದು ನಿಲ್ಲುತ್ತಿತ್ತು. ದವಡೆ ನಿಂತಿತೆಂದರೆ ನಮ್ಮ ಎದೆಯೂ ಒಮ್ಮೆ ನಿಲ್ಲುತ್ತಿತ್ತು.

ಅವರನ್ನು ಮದುವೆಗೆ ಕರೆಯಲು ಜನ ಹೆದರುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ಮದುವೆಯಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದು, ಯಾರಿಗೆ ಯಾರೆಂಬುದು ಹುಟ್ಟುವ ಮೊದಲೇ ಬರೆದಿರುತ್ತದೆ, ಎಲ್ಲ ಋಣಾನುಬಂಧ ಎಂದರಂತೆ. ಮುಂದಿನ ಹಾರೈಕೆ ಆಪಾರದು. "ಮೊದಲ ಬರದಿತ್ತಂದ್ರ ಈ ಹುಡುಗ ಹೆಣ್ಣು ನೋಡಾಕ ಅಷ್ಟು ಮನಿ ಯಾಕ ತಿರಗ್ಯಾನ್ರಿ? ಅಷ್ಟೂ ಮನ್ಯಾಗ ಚುರಮುರಿ ಯಾಕ ತಿಂದಾನ್ರಿ?" ಎಂದು ಶುರು ಮಾಡಿದರು. ಮೊದಲು ನಕ್ಕಿದ್ದು ಮದುಮಗಳು. ಆಮೇಲೆ ಎಲ್ಲರೂ. ಆ ಹಿರಿಯರು ಮಾತ್ರ ಇಂದಿಗೂ ಆಪಾರನ್ನು ಕಂಡರೆ ಓಣಿ ಬದಲಿಸುತ್ತಾರೆ.

ನನ್ನ ಅವರ ಮೊದಲ ಭೇಟಿಯೂ ಜಗಳವೇ. ಪಾಠದ ನಡುವೆ ಎದ್ದು, "ನೀವು ಹೇಳಾಕತ್ತಿದ್ದು ತಪ್ಪದ ರೀ" ಎಂದೆ. ಆಪಾರ ಮುಖ ಹಬ್ಬದ ಹಾಗೆ ಅರಳಿತು.

"ಎಲ್ಲಿ ತಪ್ಪದ?"

"ಎಲ್ಲಿ ಅಂತ... ಒಟ್ಟ ತಪ್ಪನಿಸ್ತದ ರೀ."

"ಅನಿಸ್ತದ ಅನ್ನೂದು ಸಾರಿನ ಉಪ್ಪಿಗೆ ಸಾಕು. ಇಲ್ಲಿಗೆ ಸಾಲಂಗಿಲ್ಲ ಬೇ. ನಾಳಿಗಿ ಎಲ್ಲಿ ತಪ್ಪದ ಹುಡಕ್ಕೊಂಡು ಬಾ. ಸಿಗಲಿಲ್ಲಂದ್ರ ಸಿಗಲಿಲ್ಲ ಅಂತ ಹೇಳಾಕರೆ ಬಾ."

ಹುಡುಕಿಕೊಂಡು ಹೋದೆ. ನಿಜಕ್ಕೂ ಒಂದು ಸಣ್ಣ ತಪ್ಪು ಇತ್ತು. ಅವರು ಪುಸ್ತಕವನ್ನು ಎರಡೆರಡು ಸಲ ನೋಡಿ, ತರಗತಿಯ ಮುಂದೆ ಅದನ್ನು ಒಪ್ಪಿ, "ಈಕಿ ಬೇಕು ನನಗ" ಎಂದು ನನ್ನನ್ನು ಚರ್ಚಾ ತಂಡಕ್ಕೆ ಎಳೆದುಕೊಂಡರು. ಯಾವ ಮಾತನ್ನೂ ಹೇಳಿದ ಕೂಡಲೇ ನಂಬದ ನನ್ನ ಗುಣಕ್ಕೆ ಮನೆಯಲ್ಲಿ ಸೊಕ್ಕು ಎಂದು ಹೆಸರಿತ್ತು. ಅದಕ್ಕೆ ಕೆಲಸ ಕೊಟ್ಟವರು ಆಪಾ.

ಅವರದೊಂದು ಪದ್ಧತಿ ಹೇಳಲೇಬೇಕು. ನೀನು ವಿಷಯದ ಪರ ಮಾತಾಡಿ ಗೆದ್ದೆ ಎಂದುಕೋ. ಚಪ್ಪಾಳೆ ತಟ್ಟಲು ಬಿಡುತ್ತಿರಲಿಲ್ಲ. ಅಲ್ಲೇ ಎದ್ದು ಎದುರಿನ ಕುರ್ಚಿಗೆ ಹೋಗಬೇಕು, ವಿರೋಧ ಮಾತಾಡಬೇಕು. ಸೋತವಳು ನಿನ್ನ ಕುರ್ಚಿಗೆ ಬಂದು ಪರ ಮಾತಾಡಬೇಕು. "ಗೆದ್ದಿದ್ದು ನೀನೋ, ನೀ ಕುಂತ ಕುರ್ಚಿಯೋ, ನನಗ ಗೊತ್ತಾಗಬೇಕಲ್ಲ!" ಎನ್ನುತ್ತಿದ್ದರು. ಕೆಲವು ವಿಷಯಗಳು ಎಂಥ ದಡ್ಡರನ್ನೂ ಗೆಲ್ಲಿಸುತ್ತವೆ. ಅದನ್ನು ನಿನ್ನ ಜಾಣತನ ಎಂದುಕೊಳ್ಳಬೇಡ ಎಂಬುದು ಅದರ ತಾತ್ಪರ್ಯ.

ಇನ್ನು ಅವರ ಕಾರು. ಸೋಲಾಪುರದ ಯಾರದೋ ಕೈಯಿಂದ ಎರಡನೆಯ ಮಾಲಕಿಯಾಗಿ ಕೊಂಡದ್ದು, ಹಾಲು ಜಾಸ್ತಿಯಾದ ಚಹಾದ ಬಣ್ಣ. ಸೀಟನ್ನು ಪೂರ್ತಿ ಮುಂದಕ್ಕೆಳೆದು, ಸ್ಟಿಯರಿಂಗಿಗೆ ಗದ್ದ ತಾಗಿಸಿಕೊಂಡು ಓಡಿಸುತ್ತಿದ್ದರು. ಆ ಕಾರಿನ ಬೆಲೆ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳಿಗೆ ಗೊತ್ತು. ಚರ್ಚಾಸ್ಪರ್ಧೆಗೆಂದು ಪರವೂರಿಗೆ ಬಸ್ಸಿನಲ್ಲಿ ಕಳಿಸಲು ಒಲ್ಲೆನ್ನುವ ಅಪ್ಪಂದಿರು, ಆಪಾರ ಕಾರು ಎಂದರೆ ಸುಮ್ಮನಾಗುತ್ತಿದ್ದರು. ನನ್ನ ಅಪ್ಪನೂ ಅಂಥವನೇ. ನಮ್ಮೂರು ನಿಂಬರ್ಗಾದಲ್ಲಿ ತೊಗರಿ ಬೆಳೆಯುತ್ತಾನೆ, ಬೆಳೆದವರಿಂದ ಕೊಂಡು ಮಾರುತ್ತಾನೆ. ಚೀಲದ ಬಾಯಿ ಬಿಚ್ಚಿ ಮೊಣಕೈತನಕ ಕೈ ಇಳಿಸಿ ತಳದ ಕಾಳು ನೋಡದೆ ಬೆಲೆ ಹೇಳುವವನಲ್ಲ. ನಾನು ಯಾರ ಮಗಳು ಎಂದು ಇದರಿಂದಲೇ ತಿಳಿಯಬೇಕು.

ಆ ವರ್ಷ ಅಫಜಲಪುರದ ಸುತ್ತನ್ನು ಗೆದ್ದು ನಾನು ಕೊನೆಯ ಸುತ್ತಿಗೆ ಬಂದಿದ್ದೆ. ಅದು ಜೇವರ್ಗಿಯಲ್ಲಿ. ಅಫಜಲಪುರದಿಂದ ಗೆದ್ದು ಬಂದ ಸಂಜೆ ಆಪಾ ನನ್ನನ್ನು ಊರಿಗೇ ಬಿಡಲು ಬಂದರು. ನಮ್ಮ ಗೋದಾಮಿನ ಮುಂದೆ ಅಪ್ಪ ತೊಗರಿ ಚೀಲಗಳ ಪಕ್ಕ ನಿಂತಿದ್ದ. ಕಾರು ಮೆಲ್ಲಗೆ ಹತ್ತಿರ ಬಂತು, ಆಪಾ ಬ್ರೇಕ್ ಒತ್ತಿದರು. ಕಾಲಡಿಯಲ್ಲಿ ಗರಗರ ಎಂದು ಏನೋ ನಡುಗಿದ ಸದ್ದು ನನಗೂ ಕೇಳಿತು. ನಿಲ್ಲಬೇಕಾಗಿದ್ದ ಕಾರು ನಿಲ್ಲದೆ ಹಾಗೇ ಉರುಳಿ ಹೋಗಿ ಚೀಲಕ್ಕೆ ಗುದ್ದಿತು. ಚೀಲ ಹರಿದು ತೊಗರಿ ಸುರಿಯಿತು. ಅಪ್ಪ ಮೊದಲು ನೆಲದ ಮೇಲಿನ ತೊಗರಿ ನೋಡಿದ, ಆಮೇಲೆ ತಾನು ನಿಂತಿದ್ದ ಜಾಗಕ್ಕೂ ಚೀಲಕ್ಕೂ ಇದ್ದ ದೂರ ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಬ್ರೇಕ್ ಇಲ್ಲದ ಗಾಡ್ಯಾಗ ನನ್ನ ಮಗಳನ್ನ ಜೇವರ್ಗಿಗಿ ಕಳಸಂಗಿಲ್ಲ ನೋಡ್ರಿ ಆಪಾರ."

"ಬ್ರೇಕ್ ಅದ ಸಾವ್ಕಾರ್ರ. ನಾ ಹಿಡದೀನಿ. ಹಿಡದದ್ದನ್ನ ಗಾಡಿನೇ ಬಿಡಸ್ಯಾದ."

"ಯಾಕ ಬಿಡಸ್ಯಾದ?"

"ಅದು ಗೊತ್ತಿಲ್ಲ."

"ಗೊತ್ತಾಗೂತನಕ ಈಕಿ ಮನ್ಯಾಗ."

"ಗೊತ್ತಾದ ಮ್ಯಾಲ?"

"ಮ್ಯಾಲ ನೋಡೂನು."

"ನೋಡೂನು ಅಂದ್ರ ಹೌದೋ, ಇಲ್ಲೋ?"

ಅಪ್ಪ ನನ್ನ ಕಡೆ ತಿರುಗಿದ. "ಮನ್ಯಾಗ ಈಕಿ ಹಿಂಗ ಕೇಳ್ತಾಳ. ಕಲಸಿದವ್ರು ಯಾರಂತ ಇವತ್ತ ತಿಳೀತು."

"ಇಲ್ರಿ ಸಾವ್ಕಾರ್ರ, ಗುಣ ನಿಮ್ಮದ. ನಾ ಬರೇ ಸಾಣಿ ಹಿಡದೀನಿ," ಎಂದರು ಆಪಾ. "ಒಂದು ಕರಾರು ಮಾಡೂನು. ಯಾಕ ಬಿಡಸ್ತು ಅಂತ ನಿಮ್ಮ ಕಣ್ಣ ಮುಂದ ತೋರಸ್ತೇನಿ. ನಿಮಗ ಖಾತ್ರಿ ಆದ್ರ ಕಳಸಬೇಕು. ಆಗಲಿಲ್ಲಂದ್ರ ನಾನ ಬಂದು ಈಕಿಗಿ ಮನ್ಯಾಗ ಕುಂದರು ಅಂತ ಹೇಳಿ ಹೋಗ್ತೇನಿ."

ಅವರು ಪಣಕ್ಕೆ ಇಟ್ಟದ್ದು ನನ್ನ ಜೇವರ್ಗಿಯನ್ನು. ಆದರೆ ಅಪ್ಪನಂಥವನಿಗೆ ಕಣ್ಣೀರು, ಕೈಮುಗಿತ ಯಾವುದೂ ನಡೆಯುವುದಿಲ್ಲ. ಚೀಲದ ತಳ ತೋರಿಸಿದರೆ ಮಾತ್ರ ನಡೆಯುತ್ತದೆ. ಅದನ್ನು ಒಂದೇ ಭೇಟಿಯಲ್ಲಿ ಆಪಾ ಅರ್ಥ ಮಾಡಿಕೊಂಡಿದ್ದರು. "ಆಯ್ತು," ಎಂದ ಅಪ್ಪ.

ಕಾರಿನ ರೋಗ ಹೊಸದಲ್ಲ. ಕೆಲವು ವಾರಗಳಿಂದ ಸ್ಪೀಡೋಮೀಟರಿನ ಪಕ್ಕ ಹಳದಿ ದೀಪವೊಂದು ಹತ್ತಿಕೊಳ್ಳುತ್ತಿತ್ತು. ಆಳಂದದ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನ ಮಿಸ್ತ್ರಿ ಕಾರನ್ನು ಅಫಜಲಪುರಕ್ಕೆ ಒಯ್ದು ಅಲ್ಲಿ ಕಂಪ್ಯೂಟರ್ ಹಚ್ಚಿಸಿಕೊಂಡು ಬಂದಿದ್ದ. ಬಲಗಡೆ ಮುಂದಿನ ಗಾಲಿಯ ಸೆನ್ಸರ್ ಕೆಟ್ಟಿದೆ ಎಂದು ಕಂಪ್ಯೂಟರ್ ಹೇಳಿತ್ತು. ಸೋಲಾಪುರದಿಂದ ಹೊಸ ಸೆನ್ಸರ್ ತರಿಸಿ ಹಾಕಿದ್ದೂ ಆಗಿತ್ತು. ದೀಪ ಒಂದು ದಿನ ಆರಿ, ಮತ್ತೆ ಹತ್ತಿತ್ತು.

ಕರಾರಿನ ಮರುದಿನ ಬೆಳಿಗ್ಗೆ ಅಪ್ಪ, ಆಪಾ, ನಾನು ಮೂವರೂ ಆ ಗ್ಯಾರೇಜಿಗೆ ಹೋದೆವು. ಸ್ಪರ್ಧೆ ಅದರ ಮಾರನೆಯ ದಿನ. ಮಿಸ್ತ್ರಿ ಅಂಗಿಯ ಕಿಸೆಯಲ್ಲಿ ಬಾಚಣಿಕೆ ಇಟ್ಟುಕೊಂಡ, ತನ್ನ ಕೆಲಸದ ಬಗ್ಗೆ ತಾನೇ ಹೊಗಳಿಕೊಳ್ಳಲು ನಾಚದ ಮನುಷ್ಯ. ವಿಷಯ ಕೇಳಿ ಅವನು ಅರೆಕ್ಷಣದಲ್ಲಿ ಪರಿಹಾರ ಹೇಳಿದ.

"ಎಬಿಎಸ್ ಫ್ಯೂಸ್ ಕಿತ್ತಿ ಒಗೀತೇನಿ. ದೀಪದ ಬಲ್ಬೂ ತಗೀತೇನಿ. ಬ್ರೇಕ್ ಮೊದಲಿನ ಗಾಡಿಗಳ್ಹಂಗ ಸಾದಾ ಹಿಡೀತದ, ಗರಗರ ಅನ್ನಂಗಿಲ್ಲ. ತಾಲೂಕಿನ್ಯಾಗ ಅರ್ಧ ಗಾಡಿ ಹಂಗ ತಿರಗಾಡಾಕತ್ಯಾವ ಆಪಾ."

"ಅರ್ಧ ಊರು ಮಾಡ್ಯಾದ ಅನ್ನೂದು ಸಬೂತು ಅಲ್ಲೋ."

"ನಿಂದರತದಲ್ರಿ ಗಾಡಿ! ಮತ್ತೇನು ಬೇಕು?"

"ನಿಂದರತದ. ಆದ್ರ ಯಾಕ ನಿಂದರಲಿಲ್ಲ ಅಂತ ಸಾವ್ಕಾರ್ರಿಗಿ ತೋರಸ್ತೇನಿ ಅಂದೀನಿ. ದೀಪ ಕಿತ್ತಿ ರಿಪೇರಿ ಆಗ್ಯಾದ ಅನ್ಲೇನು? ಮತ್ತ ಮಳಿಯಾಗ ಎರಿಮಣ್ಣು ಡಾಂಬರಿಗಿ ಹತ್ತಿದಾಗ ಗಾಲಿ ಜಾರತದಲ್ಲ, ಆವಾಗ ಬೇಕು ಇದು."

ಅಪ್ಪ ಖಾಲಿ ಎಣ್ಣೆ ಡಬ್ಬದ ಮೇಲೆ ಕೂತು, "ಮೊದಲ ಇದೇನು ಮಾಡತದ ಹೇಳ್ರಿ ನನಗ" ಎಂದ. ಮಿಸ್ತ್ರಿ ಹೇಳಿದ. ಗಾಲಿಯ ಒಳಗೆ ಹಲ್ಲು ಹಲ್ಲಿನ ಒಂದು ಕಬ್ಬಿಣದ ಬಳೆ ಇರುತ್ತದೆ. ಅದರ ಪಕ್ಕದಲ್ಲೇ ಬೆರಳಿನಷ್ಟು ಸೆನ್ಸರ್. ಗಾಲಿ ತಿರುಗಿದಂತೆ ಒಂದೊಂದು ಹಲ್ಲು ಸೆನ್ಸರಿನ ಮೂತಿಯ ಮುಂದೆ ಹಾದುಹೋಗುತ್ತದೆ, ಅದರಿಂದ ಗಾಲಿ ಎಷ್ಟು ಜೋರು ತಿರುಗುತ್ತಿದೆ ಎಂದು ಬ್ರೇಕಿನ ಕಂಪ್ಯೂಟರಿಗೆ ತಿಳಿಯುತ್ತದೆ. ಬ್ರೇಕ್ ಒತ್ತಿದಾಗ ಮೂರು ಗಾಲಿ ತಿರುಗುತ್ತಿದ್ದು ಒಂದೇ ಗಾಲಿ ನಿಂತುಬಿಟ್ಟರೆ, ಅದು ಜಾರುತ್ತಿದೆ ಎಂದು ತಿಳಿದು ಕಂಪ್ಯೂಟರ್ ಆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ.

"ಅಂದ್ರ ನಿನ್ನೆ ಆ ಗಾಲಿ ನಿಂತಿತ್ತೇನು?" ಎಂದೆ ನಾನು.

"ಎಲ್ಲಿ ನಿಂತಿತ್ತು? ತಿರಗಾಕತ್ತಿತ್ತು. ಸೆನ್ಸರ್ ಸುದ್ದಿ ಕೊಡಲಿಲ್ಲ. ಮೆಲ್ಲಕ ಹೋಗೂವಾಗ ಅದರ ದನಿ ಸಣ್ಣದಾಗತದ, ಕೇಳಸಂಗಿಲ್ಲ. ಕಂಪ್ಯೂಟರ್‌ಗಿ ಗಾಲಿ ನಿಂತದ ಅನಿಸ್ತು, ಬ್ರೇಕ್ ಬಿಡಸ್ತು."

"ಅನಿಸ್ತು!" ಎಂದರು ಆಪಾ, ಹಳೆಯ ಶತ್ರುವನ್ನು ಕಂಡವರಂತೆ.

"ಹಂಗಾರ ಸೆನ್ಸರ್ ಖರಾಬದ," ಎಂದ ಅಪ್ಪ. "ಕಂಪ್ಯೂಟರೂ ಅದನ್ನ ಹೇಳ್ಯಾದ. ಮುಗೀತಲ್ಲ?"

"ಹೊಸಾದು ಹಾಕಿದ್ರೂ ಖರಾಬಿತ್ತೇನ್ರಿ?" ಎಂದು ನಾನು ಕೇಳಿದೆ.

"ಸೋಲಾಪುರದ ಮಾಲು. ಹೊಸಾದೂ ಖರಾಬಿರಬಹುದು," ಎಂದ ಮಿಸ್ತ್ರಿ.

ಆಪಾರ ದವಡೆ ನಿಂತಿತು. "ನೋಡ್ರಿ, ಕಂಪ್ಯೂಟರ್ ಸುಳ್ಳು ಹೇಳ್ಯಾದ ಅಂತ ನಾ ಅನ್ನಂಗಿಲ್ಲ. ಬಲಗಡಿಯಿಂದ ಸುದ್ದಿ ಬರವಲ್ತು ಅಂತ ಅದು ದೂರು ಕೊಟ್ಟದ. ದೂರು ಅಂದ್ರ ತೀರ್ಪಲ್ಲ. ಸುದ್ದಿ ತರಾಂವ ಸತ್ತಾನೋ, ಅವಂಗ ಬಾಗಲಾ ತಗದಿಲ್ಲೋ, ಅದನ್ನ ನೋಡಬೇಕು." ಆಮೇಲೆ ಮಿಸ್ತ್ರಿಯ ಕಡೆಗೆ: "ಎಡಗಡಿ ಸೆನ್ಸರ್ ಬಲಗಡಿ ಕೂಡತದೇನೋ?"

"ಈ ಗಾಡಿಯಾಗ ಎರಡೂ ಒಂದ ನಮೂನಿ. ಕೂಡತಾವ."

"ಹಂಗಾರ ಕುರ್ಚಿ ಬದಲ ಮಾಡು."

ಮಿಸ್ತ್ರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಬಲಗಡೆಯ ಸೆನ್ಸರನ್ನು ಎಡಗಡೆ ಕೂರಿಸಬೇಕು, ಎಡಗಡೆಯದನ್ನು ಬಲಗಡೆ. ರೋಗ ಸೆನ್ಸರಿನದಾದರೆ ಅದರ ಜೊತೆ ಎಡಕ್ಕೆ ಹೋಗುತ್ತದೆ. ಬಲಗಡೆಯೇ ಉಳಿದರೆ ಸೆನ್ಸರ್ ನಿರ್ದೋಷಿ, ಕುರ್ಚಿಯೇ ಕಳ್ಳ.

ಮೊದಲು ಇದ್ದದ್ದು ಇದ್ದ ಹಾಗೆ ಅಳೆಯೋಣ ಎಂದಾಯಿತು. ಮಿಸ್ತ್ರಿ ಮುಂದಿನ ಎರಡೂ ಗಾಲಿಗಳನ್ನು ಜಾಕಿನ ಮೇಲೆ ಎತ್ತಿದ. ಸೆನ್ಸರಿನ ತಂತಿಗೆ ಮೀಟರ್ ಹಚ್ಚಿದ. ಈ ಹಳೆಯ ನಮೂನೆಯ ಸೆನ್ಸರು ತಾನೇ ಚೂರು ಕರೆಂಟು ಹುಟ್ಟಿಸುತ್ತದಂತೆ. ಗಾಲಿ ಕೈಯಿಂದ ತಿರುಗಿಸಿದರೂ ಮೀಟರಿನಲ್ಲಿ ಕಾಣುತ್ತದೆ. ಎಡಗಾಲಿ ತಿರುಗಿಸಿದ, ಅಂಕಿ ಚಂಗನೆ ಏರಿತು. ಬಲಗಾಲಿ ತಿರುಗಿಸಿದ, ಅಂಕಿ ಜ್ವರ ಬಂದವರಂತೆ ಮುಲುಕಿ ಅಲ್ಲೇ ಮಲಗಿತು.

"ಥೂ, ಇದರಾಗೇನದ?" ಎಂದ ಅಪ್ಪ. "ಎಡಗಡಿ ಜೋರು ತಿರಗಸಿದ, ಬಲಗಡಿ ಮೆಲ್ಲಕ ತಿರಗಸಿದ. ತೂಕದಾಗ ಕೈ ಹಿಡಿಯೂದು ನಮಗ ಗೊತ್ತಿಲ್ಲೇನು?"

ಮಿಸ್ತ್ರಿಗೆ ಸಿಟ್ಟು ಬಂತು. "ಸಾವ್ಕಾರ್ರ, ನಾ ಇಪ್ಪತ್ತು ಊರಿನ ಗಾಡಿ ಮಾಡೀನಿ!"

ಆಪಾ ಅವನನ್ನು ತಡೆದರು. ಅವರ ಕಣ್ಣಲ್ಲಿ ಮೆಚ್ಚುಗೆ ಕುಣಿಯುತ್ತಿತ್ತು. "ಬರೋಬ್ಬರಿ ತಕರಾರು ತಗದ್ರಿ ಸಾವ್ಕಾರ್ರ. ಹಂಗಾರ ಬರ್ರಿ, ಎರಡೂ ಕಡಿ ನೀವ ತಿರಗಸ್ರಿ."

ಅಪ್ಪ ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎಡಗಾಲಿ ತಿರುಗಿಸಿದ, ಬಲಗಾಲಿ ತಿರುಗಿಸಿದ. ಬಲಗಾಲಿಯನ್ನು ಹಟಕ್ಕೆ ಬಿದ್ದು ಇನ್ನೂ ಜೋರಾಗಿ ತಿರುಗಿಸಿದ. ಅಂಕಿ ಏಳಲಿಲ್ಲ. ಅಪ್ಪ ಕೈಯ ಕಪ್ಪು ನೋಡಿಕೊಂಡ. ಅವನ ಮಟ್ಟಿಗೆ ಅದು ಮೊದಲ ಒಪ್ಪಿಗೆ.

ಆಮೇಲೆ ಮಿಸ್ತ್ರಿ ಕುರ್ಚಿ ಬದಲಿಸಿದ. ಎರಡೂ ಸೆನ್ಸರುಗಳನ್ನು ಬಿಚ್ಚಿ ಅದಲು ಬದಲು ಕೂರಿಸಿ ಮತ್ತೆ ಮೀಟರ್ ಹಚ್ಚಿದ. ಕಂಪ್ಯೂಟರ್ ದೂರು ಕೊಟ್ಟ ಸೆನ್ಸರ್ ಈಗ ಎಡಗಡೆ ಇತ್ತು. ಅಪ್ಪ ತಿರುಗಿಸಿದ. ಅಂಕಿ ಚಂಗನೆ ಏರಿತು. ಇಷ್ಟು ದಿನ ಚೆನ್ನಾಗಿದ್ದ ಸೆನ್ಸರ್ ಈಗ ಬಲಗಡೆ. ಅಪ್ಪ ತಿರುಗಿಸಿದ. ಅಂಕಿ ಮಲಗಿತು.

"ನಿರ್ದೋಷಿ!" ಎಂದು ನಾನು ಕೂಗಿದ್ದು ಬಸ್ ನಿಲ್ದಾಣದವರೆಗೆ ಕೇಳಿರಬೇಕು.

"ಹಿಗ್ಗಬ್ಯಾಡ," ಎಂದರು ಆಪಾ. "ಒಬ್ಬನ್ನ ಬಿಡಸೀವಿ. ಕಳ್ಳ ಇನ್ನೂ ಸಿಕ್ಕಿಲ್ಲ."

ಹಾಗಾದರೆ ಹಲ್ಲಿನ ಬಳೆಯೇ ಮುರಿದಿರಬೇಕು ಎಂದ ಮಿಸ್ತ್ರಿ. ಬ್ಯಾಟರಿ ಬೆಳಕು ಬಿಟ್ಟು, ಗಾಲಿಯನ್ನು ಒಂದು ಸುತ್ತು ಮೆಲ್ಲಗೆ ತಿರುಗಿಸಿ ಎಲ್ಲರೂ ಇಣುಕಿದೆವು. ಹಲ್ಲುಗಳು ನೆಟ್ಟಗಿದ್ದವು. ತಂತಿ ಎಳೆದು ನೋಡಿದ, ಅದೂ ನೆಟ್ಟಗಿತ್ತು. ಮಿಸ್ತ್ರಿ ಬಾಚಣಿಕೆ ತೆಗೆದು ತಲೆ ಬಾಚತೊಡಗಿದ. ಅವನಿಗೆ ದಾರಿ ಮುಗಿದಾಗ ಮಾಡುವ ಕೆಲಸ ಅದು ಎಂದು ಆಪಾ ನನ್ನ ಕಿವಿಯಲ್ಲಿ ಹೇಳಿದರು. ನನಗೆ ಜೇವರ್ಗಿಯ ವೇದಿಕೆ ದೂರ ದೂರ ಹೋಗುತ್ತಿರುವಂತೆ ಕಂಡಿತು.

"ಸಾವ್ಕಾರ್ರ," ಎಂದರು ಆಪಾ, "ಎಡಗಡಿಗೂ ಬಲಗಡಿಗೂ ಮತ್ತೇನು ಫರಕ್ ಅದ, ನೀವ ಒಮ್ಮಿ ನೋಡ್ರಿ. ಮಾಲು ನೋಡೂ ಕಣ್ಣು ನಿಮ್ಮದು."

ಅಪ್ಪ ಎರಡೂ ಕಡೆಯ ಸೆನ್ಸರ್ ಬಿಚ್ಚಿಸಿದ. ಸೆನ್ಸರ್ ಕೂರುವ ತೂತನ್ನು ಎಡಗಡೆ ನೋಡಿದ, ಬಲಗಡೆ ನೋಡಿದ. ಮತ್ತೆ ಎಡಕ್ಕೆ ಬಂದ. ಬಲಗಡೆಯ ತೂತಿನ ಸುತ್ತ ಉಗುರು ಹಾಕಿ ಕೆರೆದ. ಎಣ್ಣೆ ಮಣ್ಣಿನಲ್ಲಿ ಮೆತ್ತಿಕೊಂಡಿದ್ದ ಕರಿಯ ಚೂರೊಂದು ಎದ್ದುಬಂತು.

"ಇದೇನ್ರಿ? ಆ ಕಡಿ ಇಲ್ಲ ಇದು."

ಸೈಕಲ್ ಟ್ಯೂಬಿನ ತುಂಡು. ನಡುವೆ ತೂತು ಕೊರೆದು, ಅಂದವಾಗಿ ದುಂಡಗೆ ಕತ್ತರಿಸಿದ್ದು.

"ಅಯ್ಯ, ಅದಾ?" ಎಂದ ಮಿಸ್ತ್ರಿ ನಿರಾಳವಾಗಿ. "ಅದು ಮೊದಲ ಇತ್ತು. ಹೊಸ ಸೆನ್ಸರ್ ಹಾಕೂವಾಗ ನೋಡೀನಿ. ಇದ್ದದ್ದನ್ನ ಇದ್ದಂಗ ತಿರುಗಿ ಇಟ್ಟೀನಿ."

"ಯಾಕ ಇಟ್ಟಿ?"

"ಮೊದಲ ಇತ್ತಲ್ರಿ!"

ನಮ್ಮ ಕಡೆ ಗಡಗಡ ಎನ್ನುವ ಯಾವ ವಸ್ತುವಿಗೂ ಸೈಕಲ್ ಟ್ಯೂಬಿನ ತುಂಡೇ ಔಷಧ. ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ, ಟ್ರಾಕ್ಟರಿನ ಸೀಟಿಗೆ. ಯಾರೋ ಒಬ್ಬರು ಇಟ್ಟ ಮೇಲೆ ಮುಂದಿನವರು ಅದನ್ನು ತೆಗೆಯುವುದಿಲ್ಲ. ಇಟ್ಟವರಿಗೆ ಏನೋ ಗೊತ್ತಿದ್ದಿರಬೇಕು ಎಂಬ ಮರ್ಯಾದೆ. ಹಾಗೆ ಒಂದು ತಪ್ಪು ಕೈಯಿಂದ ಕೈಗೆ ಭಕ್ತಿಯಿಂದ ಸಾಗುತ್ತದೆ. ಇದರ ವಿರುದ್ಧ ನನ್ನಲ್ಲಿ ದೊಡ್ಡ ಭಾಷಣವೇ ತಯಾರಿತ್ತು. ಅಪ್ಪ ಅವಕಾಶ ಕೊಡಲಿಲ್ಲ.

"ತಕ್ಕಡಿ ತಳದಾಗ ಹುಣಸಿಹಣ್ಣು ಹಚ್ಚಿದ್ಹಂಗ ಆತಲ್ಲೋ ಇದು!" ಎಂದು ಅವನು ಎದ್ದೇ ನಿಂತ. "ಇದರ ದಪ್ಪದಷ್ಟು ನಿನ್ನ ಸೆನ್ಸರ್ ಮ್ಯಾಲ ಎದ್ದದ. ಹಲ್ಲಿಂದ ದೂರ ಕುಂತದ. ದೂರ ಕುಂತಾಂವಗ ಸಣ್ಣ ದನಿ ಹ್ಯಾಂಗ ಕೇಳಬೇಕು? ಗಾಡಿ ಜೋರು ಹೋದಾಗ ಕೇಳತದ, ಮೆಲ್ಲಕ ಹೋದಾಗ ಕೇಳಂಗಿಲ್ಲ. ಹೌದಿಲ್ಲೋ?"

ಆಪಾ ಕನ್ನಡಕ ಒರೆಸುತ್ತಿದ್ದರು.

ಮಿಸ್ತ್ರಿ ರಬ್ಬರನ್ನು ಒಗೆದು, ತುಕ್ಕು ಕೆರೆದು, ಸೆನ್ಸರನ್ನು ಕಬ್ಬಿಣಕ್ಕೆ ಕಬ್ಬಿಣ ತಾಗುವಂತೆ ಕೂರಿಸಿ ಬೋಲ್ಟ್ ಬಿಗಿದ. ಅಪ್ಪ ಯಾರಿಗೂ ಬಿಡದೆ ತಾನೇ ಗಾಲಿ ತಿರುಗಿಸಿದ. ಅಂಕಿ ಎಡಗಡೆಯಷ್ಟೇ ಎತ್ತರ ಏರಿತು. ಮತ್ತೊಮ್ಮೆ ತಿರುಗಿಸಿದ. ಮತ್ತೊಮ್ಮೆ. ಹೊಸ ಆಟಿಕೆ ಸಿಕ್ಕ ಮಗುವಿನಂತೆ ಸುಮ್ಮಸುಮ್ಮನೆ ತಿರುಗಿಸಿದ.

"ಆ ತುಂಡು ಇಟ್ಟಾಂವ ಯಾಂವ?" ಎಂದು ಅಪ್ಪ ಗುಡುಗಿದಾಗ ಆಪಾ ಬೆರಳೆತ್ತಿದರು.

"ನಾನ ಇಡಸೀನಿ. ಹವಳಗಾ ರಸ್ತೆದಾಗ ಕಬ್ಬಿನ ಟ್ರಾಲಿ ತಗ್ಗು ಮಾಡಿಟ್ಟಾವಲ್ಲ, ಅಲ್ಲಿ ಬಲಗಡಿಯಿಂದ ಕಟಕಟ ಅನ್ನಾಕತ್ತಿತ್ತು. ಪಂಕ್ಚರ್ ಅಂಗಡ್ಯಾಂವಗ ಸಪ್ಪಳ ನಿಲ್ಲಸಪ್ಪ ಅಂದೆ. ನಿಲ್ಲಸಿದ. ಸಪ್ಪಳ ಯಾಕ ಬಂತು ಅಂತ ನಾ ಕೇಳಲಿಲ್ಲ. ಬೋಲ್ಟ್ ಸಡ್ಲ ಆಗಿತ್ತು ಅಂತ ಈಗ ತಿಳೀತು." ಇದನ್ನು ಅವರು ಗೆದ್ದವರ ದನಿಯಲ್ಲೇ ಹೇಳಿದರು. ತಮ್ಮ ತಪ್ಪನ್ನೂ ಒಂದು ಒಳ್ಳೆಯ ಅಂಶವಾಗಿ ಮಂಡಿಸಬಲ್ಲವರು ಅವರೊಬ್ಬರೇ.

ಆ ರಬ್ಬರನ್ನು ಅವರು ಮೊದಲೇ ನೋಡಿದ್ದರೇ? ಅಪ್ಪನ ಬಾಯಿಂದಲೇ ಬರಲಿ ಎಂದು ಸುಮ್ಮನಿದ್ದರೇ? ಒಮ್ಮೆ ನೇರವಾಗಿ ಕೇಳಿದೆ. "ನೋಡಿದ್ದೆ ಅಂದ್ರ ನೀ ಸಬೂತು ಕೇಳ್ತಿ, ನೋಡಿಲ್ಲಂದ್ರೂ ಕೇಳ್ತಿ. ಎರಡೂ ಇಲ್ಲ ನನ್ನ ಕಡಿ" ಎಂದು ಬಾಯಿಗೆ ಬಡೇಸೋಪು ಹಾಕಿಕೊಂಡರು. ನಾನು ಸೋಲೊಪ್ಪಿಕೊಳ್ಳದ ಹುಡುಗಿ. ಈ ಒಂದು ಪ್ರಕರಣವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಮೀಟರಿನ ಅಂಕಿ ಬೇರೆ, ರಸ್ತೆ ಬೇರೆ ಎಂದು ಅಪ್ಪ ಇನ್ನೊಂದು ತಕರಾರು ತೆಗೆದ. ಸರಿಯಾದ ತಕರಾರೇ. ಹೊತ್ತು ನೆತ್ತಿಗೆ ಬರುವ ಮೊದಲು ಕಾರು ನಿಂಬರ್ಗಾಕ್ಕೆ ಬಂತು, ಅದೇ ಗೋದಾಮಿನ ಮುಂದೆ. ಅಪ್ಪ ಕೆಳಗಿಳಿದು ದಾರಿಯ ನಡುವೆ ನಿಂತ.

"ಬರ್ರಿ. ನನ್ನ ಮುಂದ ನಿಲ್ಲಸ್ರಿ."

ಆಪಾ ಕಿಟಕಿಯಿಂದ ತಲೆ ಹೊರಹಾಕಿದರು. "ಬಾಜೂಕ ಸರೀರಿ ಸಾವ್ಕಾರ್ರ! ನಿಮ್ಮ ಮೈಮ್ಯಾಲ ನಾ ವಾದ ಗೆಲ್ಲಂಗಿಲ್ಲ. ಚೀಲ ಇಡ್ರಿ."

"ಖಾತ್ರಿ ಇಲ್ಲೇನು ನಿಮಗ?"

"ಖಾತ್ರಿ ಅದ. ಅದಕ್ಕ ಪರೀಕ್ಷಾ ಮಾಡಾಕತ್ತೇನಿ. ಖಾತ್ರಿ ಇದ್ದಾಂವ ಚೀಲ ಇಡ್ತಾನ, ಹುಂಬ ಇದ್ದಾಂವ ಮನಷಾನ್ನ ನಿಲ್ಲಸ್ತಾನ."

ಅಪ್ಪ ಚೀಲ ಇಟ್ಟ, ಒಳ್ಳೆಯ ತೊಗರಿ ತುಂಬಿದ್ದನ್ನೇ ಆರಿಸಿ. ಆಪಾ ಹಿಂದೆ ಹೋಗಿ ಬಂದರು. ಕಾರು ಗರಗರ ಎನ್ನದೆ, ನಡುಗದೆ, ಕರೆದಲ್ಲಿ ಬಂದು ನಿಲ್ಲುವ ಆಕಳಿನಂತೆ ನಿಂತಿತು. ಅಪ್ಪ ಬಂಪರಿಗೂ ಚೀಲಕ್ಕೂ ನಡುವೆ ಕೈ ಹಾಕಿ ನೋಡಿದ. ಇನ್ನೊಮ್ಮೆ ಎಂದ. ಜೋರಾಗಿ ಬನ್ನಿ ಎಂದ, ಮೆಲ್ಲಗೆ ಬನ್ನಿ ಎಂದ. ಓಣಿಯ ಜನ ಕಟ್ಟೆ ಹತ್ತಿ ನಿಂತು ನೋಡಿದರು. ಹಳದಿ ದೀಪ ಹತ್ತಲಿಲ್ಲ.

ಕೊನೆಗೆ ಅಪ್ಪ ಕಿಟಕಿಗೆ ಬಾಗಿ, "ಗಾಡಿಗಿ ಒಪ್ಪಿಗಿ ಅದ" ಎಂದ. "ಡ್ರೈವರ್ ಬಗ್ಗೆ ನನ್ನ ತಕರಾರು ಇನ್ನೂ ಅದ. ಸ್ಟಿಯರಿಂಗ್ ಎದಿಗಿ ಅವಚ್ಕೊಂಡು ಯಾರರೆ ಗಾಡಿ ಹೊಡೀತಾರೇನ್ರಿ?"

"ನಾಳೆ ಮುಂದಿನ ಸೀಟಿನ್ಯಾಗ ಕುಂತು ವಾದ ಮಾಡ್ರಿ. ಜೇವರ್ಗಿತನಾ ಟೈಮ್ ಅದ."

ಅಪ್ಪ ಬಂದೇಬಿಟ್ಟ. ಹೋಗುವಾಗ ದಾರಿಯುದ್ದಕ್ಕೂ, ಹಂಪು ಬಂದಾಗಲೆಲ್ಲ ಅವನ ಬಲಗಾಲು ತನ್ನ ಮುಂದೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಬಾಯಿ ಮಾತ್ರ ತೊಗರಿ ಧಾರಣೆಯಿಂದ ಹಿಡಿದು ಆಪಾರ ಸೀಟಿನವರೆಗೆ ಎಲ್ಲದರ ಮೇಲೂ ತಕರಾರು ತೆಗೆಯುತ್ತಿತ್ತು. ಆಪಾ ಒಂದಕ್ಕೂ ಬಿಡದೆ ಜವಾಬು ಕೊಡುತ್ತಿದ್ದರು. ಹಿಂದೆ ಕೂತಿದ್ದ ನನಗೆ ಸ್ಪರ್ಧೆಗೆ ಮೊದಲು ಅದಕ್ಕಿಂತ ಒಳ್ಳೆಯ ತಾಲೀಮು ಬೇರೆ ಬೇಕಿರಲಿಲ್ಲ.

ಜೇವರ್ಗಿಯಲ್ಲಿ ನನಗೆ ಚೀಟಿಯಲ್ಲಿ ಬಂದದ್ದು ನಾನು ಒಪ್ಪದ ಪಕ್ಷ. ಒಪ್ಪದ ಪಕ್ಷದ ಕುರ್ಚಿಯಲ್ಲಿ ಎಷ್ಟು ಸಂಜೆ ಕೂತಿದ್ದೆನೋ! ಎದುರಾಳಿ "ಎಲ್ಲರಿಗೂ ಗೊತ್ತಿರುವ ಹಾಗೆ" ಎಂದು ಬಾಯಿ ತೆರೆದ ಕೂಡಲೇ ಅವನು ಸೋತ ಎಂದು ತಿಳಿಯಿತು. ಎಲ್ಲರಿಗೂ ಯಾರಿಂದ ಗೊತ್ತಾಯಿತು ಎಂದಷ್ಟೇ ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಮೊದಲ ಬಹುಮಾನದ ಫಲಕ ನನ್ನ ಕೈಗೆ ಬಂತು. ನನ್ನ ಕೈಯಿಂದ ಅಪ್ಪನ ಕೈಗೆ ಹೋದದ್ದು ಮತ್ತೆ ನನಗೆ ಸಿಗಲಿಲ್ಲ.

ತಿರುಗಿ ಬರುವಾಗ ಬಿಸಿಲು ಇಳಿಯುತ್ತಿತ್ತು. ಎರಡೂ ಕಡೆ ಕೊಯ್ಲಿಗೆ ಬಂದ ತೊಗರಿ. ಮುಂದಿನ ಸೀಟಿನಲ್ಲಿ ಬಹಳ ಹೊತ್ತು ತಕರಾರೇ ಕೇಳಿಸಲಿಲ್ಲವಲ್ಲ ಎಂದು ಬಗ್ಗಿ ನೋಡಿದೆ. ಅಪ್ಪ ಚಪ್ಪಲಿ ಬಿಟ್ಟು, ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, ಫಲಕವನ್ನು ಎದೆಗವಚಿಕೊಂಡು, ಬಾಯಿ ತೆರೆದು ಮಲಗಿದ್ದ. ಅಷ್ಟರಲ್ಲಿ ತಿರುವಿನಲ್ಲಿ ಕುರಿ ಹಿಂಡೊಂದು ಒಮ್ಮೆಲೇ ರಸ್ತೆಗೆ ಬಂತು. ಆಪಾ ಬ್ರೇಕ್ ಒತ್ತಿದರು. ಕಾರು ಮೊದಲ ಕುರಿಯ ಎದುರು ನಯವಾಗಿ ನಿಂತಿತು. ಕುರಿಗಳು ಬಾನೆಟ್ಟಿಗೆ ಮೈ ಸವರಿಕೊಂಡು ದಾಟತೊಡಗಿದವು. ಅಪ್ಪನ ಗೊರಕೆ ಒಂದು ಸ್ವರವೂ ತಪ್ಪಲಿಲ್ಲ.

"ಆಪಾ," ಎಂದೆ, "ಕೇಳಸಾಕತ್ತದೇನ್ರಿ? ನೀವು ಗೆದ್ರಿ!"

ಕನ್ನಡಿಯಲ್ಲಿ ಅವರ ಕಣ್ಣು ನನ್ನನ್ನು ನೋಡಿತು. ಹಿಂದೆ ಬಂದು ನಿಂತ ಲಾರಿಯವನು ಹಾರ್ನ್ ಒತ್ತಿದ. ಆಪಾ ಕಿಟಕಿಯಿಂದ ಕೈ ಹೊರಚಾಚಿ ಅವನಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ನನಗೆ ಪಿಸುದನಿಯಲ್ಲಿ ಹೇಳಿದರು:

"ಶ್... ಮೆಲ್ಲಕ ಮಾತಾಡು ಬೇ. ಸಾವ್ಕಾರ್ರು ಎದ್ದುಗಿದ್ದಾರು."